ಐವತ್ತು ದಾಟಿದ ಮೇಲೆ ಮತ್ತೆ ಮದುವೆ: ಎರಡು ಮನೆಯವರನ್ನು ಮಲೆನಾಡಿನ ಬಯಲಲ್ಲಿ ಸೇರಿಸುವ ಸಮಗ್ರ ಮಾರ್ಗದರ್ಶಿ

ಎರಡೂ ಮನೆಯವರನ್ನು ನಾವು ಮೊದಲ ಸಲ ಸೇರಿಸಿದ್ದು ಶಿವಮೊಗ್ಗದ ಒಂದು ಹೋಟೆಲಿನಲ್ಲಿ. ಉದ್ದನೆಯ ಟೇಬಲ್ಲು. ಈ ಕಡೆ ನಾನು, ನನ್ನ ಮಗಳು. ಆ ಕಡೆ ನಾನು ಮದುವೆಯಾಗಬೇಕು ಅಂದುಕೊಂಡವರು, ಅವರ ಚಿಕ್ಕ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಥೇಟ್ ಹೆಣ್ಣು ನೋಡುವ ಶಾಸ್ತ್ರದ ಹಾಗಿತ್ತು, ಹೆಣ್ಣಿಗೆ 54 ವರ್ಷ ಮತ್ತು ಮಂಡಿನೋವು ಅನ್ನುವುದೊಂದು ಬಿಟ್ಟರೆ. ದೋಸೆ ಬರುವ ಹೊತ್ತಿಗೆ ಮಾತು ಖಾಲಿಯಾಗಿತ್ತು. ಮಗಳು ಫೋನ್ ನೋಡುತ್ತಾ ಕೂತಳು. ಅವರ ಮಗ ಬಿಲ್ಲು ಕೊಡಲು ಎದ್ದವನು ಹಾಗೇ ಕಾರಿನ ಹತ್ತಿರ ಹೋಗಿ ನಿಂತುಬಿಟ್ಟ.

ಎರಡು ತಿಂಗಳು ಬಿಟ್ಟು ಅದೇ ಜನರನ್ನು ಸಕ್ರೆಬೈಲಿನ ಆನೆ ಬಿಡಾರಕ್ಕೆ ಕರೆದುಕೊಂಡು ಹೋದೆವು. ಆನೆಗಳು ತುಂಗೆಯಲ್ಲಿ ಮೀಯುತ್ತಿದ್ದವು. ಒಂದು ಮರಿ ಸೊಂಡಿಲಲ್ಲಿ ನೀರು ತುಂಬಿಕೊಂಡು ನನ್ನ ಮಗಳ ಕಡೆ ಎರಚಿತು. ಅವರ ಸೊಸೆ ಬಿದ್ದು ಬಿದ್ದು ನಕ್ಕಳು, ಆಮೇಲೆ ತನ್ನ ಸೆರಗಿನಲ್ಲೇ ಒರೆಸಿದಳು. ಹೋಟೆಲಿನಲ್ಲಿ ಒಂದು ಗಂಟೆಯಲ್ಲಿ ಆಗದ್ದು ಅಲ್ಲಿ ಒಂದು ನಿಮಿಷದಲ್ಲಿ ಆಯಿತು.

ನಮ್ಮ ಕಡೆಯ ಜನ ಎದುರುಬದುರು ಕೂತು ಮನಸ್ಸು ಬಿಚ್ಚುವವರಲ್ಲ. ಪಕ್ಕದಲ್ಲಿ ಕೂರಬೇಕು, ಬೇರೆ ಏನನ್ನೋ ನೋಡುತ್ತಿರಬೇಕು, ಕೈಗೊಂದು ಕೆಲಸ ಇರಬೇಕು. ಆಗ ಮಾತು ತಾನಾಗಿ ಬರುತ್ತದೆ. ಈ ಬರಹದಲ್ಲಿ ಹೇಳುವುದೆಲ್ಲ ಅದನ್ನೇ ನೆಚ್ಚಿಕೊಂಡಿದೆ. ನಾನು ಹೈಸ್ಕೂಲು ಟೀಚರಾಗಿದ್ದವಳು, ಯಜಮಾನರು ತೀರಿಕೊಂಡು ಏಳು ವರ್ಷವಾಗಿತ್ತು. ನಾನು ಈಗ ಮದುವೆಯಾದವರು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು, ಹೆಂಡತಿಯನ್ನು ಕಳೆದುಕೊಂಡವರು. ನಾವು ಮಾಡಿದ ತಪ್ಪುಗಳನ್ನೂ ಸೇರಿಸಿಯೇ ಬರೆಯುತ್ತಿದ್ದೇನೆ.

ಹೆಜ್ಜೆ 1: ಎಂತಕ್ಕೆ ಬೇಕು ಅಂತ ನಿಮ್ಮನ್ನೇ ಕೇಳಿಕೊಳ್ಳಿ

ಅಡುಗೆಗೆ ಜನ ಬೇಕು ಅನ್ನುವುದಾದರೆ ಅಡುಗೆಯವರನ್ನು ಇಟ್ಟುಕೊಳ್ಳಿ, ಅಗ್ಗವಾಗುತ್ತದೆ. ರಾತ್ರಿ ಒಬ್ಬರೇ ಇರಲು ಹೆದರಿಕೆ ಅಂದರೆ ನಾಯಿ ಸಾಕಿ. ದಿನ ಹೇಗೆ ಹೋಯಿತು ಅಂತ ಹೇಳಿಕೊಳ್ಳಲು ಒಬ್ಬರು ಬೇಕು ಅನ್ನಿಸಿದರೆ ಮಾತ್ರ ಮುಂದೆ ಓದಿ.

ನಾನು ನನಗೇ ಇಟ್ಟುಕೊಂಡ ಪರೀಕ್ಷೆ ಇದು: ಹೋದವರ ಬಗ್ಗೆ ಹೊಸಬರೊಬ್ಬರ ಮುಂದೆ ಹತ್ತು ನಿಮಿಷ ಮಾತಾಡಬೇಕು. ಗಂಟಲು ಕಟ್ಟಬಾರದು, ಸಿಟ್ಟೂ ಬರಬಾರದು. ವಿಚ್ಛೇದನ ಆದವರಿಗೂ ಇದೇ ಪರೀಕ್ಷೆ, ಅವರಿಗೆ ಸಿಟ್ಟಿನ ಭಾಗ ಕಷ್ಟ.

ಊರವರು ಏನಂತಾರೋ ಅನ್ನುವ ಅಳುಕು ಇದ್ದೇ ಇರುತ್ತದೆ. ಆದರೆ ಮರುಮದುವೆ ಪೇಟೆಯಿಂದ ಬಂದ ಹೊಸ ಗಾಳಿಯೇನಲ್ಲ. ನಮ್ಮ ಎಷ್ಟೋ ಸಮುದಾಯಗಳಲ್ಲಿ ಸೀರೆ ಉಡಿಕೆ, ಕೂಡಿಕೆ ಅಂತ ಹಿಂದಿನಿಂದಲೂ ಇತ್ತು. ಬಹಳ ಕಡೆ ಸದ್ದಿಲ್ಲದೆ, ರಾತ್ರಿ ಹೊತ್ತು ನಡೆಯುತ್ತಿತ್ತು. ನಾವು ಅದನ್ನು ಹಗಲಲ್ಲಿ ಮಾಡುತ್ತಿದ್ದೇವೆ, ಅಷ್ಟೇ ವ್ಯತ್ಯಾಸ.

ಹೆಜ್ಜೆ 2: ಸಿಗುವ ಜಾಗಗಳಲ್ಲಿ ಇರಿ

ಮನೆಯೊಳಗೆ ಕೂತರೆ ಯಾರೂ ಬಾಗಿಲು ತಟ್ಟುವುದಿಲ್ಲ. ಬೆಳಗಿನ ವಾಕಿಂಗ್, ಭಜನೆ ಮಂಡಳಿ, ಶಿವಮೊಗ್ಗದ ಕರ್ನಾಟಕ ಸಂಘದ ಕಾರ್ಯಕ್ರಮ, ಹೆಗ್ಗೋಡಿನ ನೀನಾಸಂ ನಾಟಕ, ಹಳೆ ವಿದ್ಯಾರ್ಥಿಗಳ ಸಭೆ. ನಮ್ಮಿಬ್ಬರಿಗೆ ಪರಿಚಯವಾಗಿದ್ದು ಹೆಗ್ಗೋಡಿನಲ್ಲಿ, ನಾಟಕ ಮುಗಿದು ಎಲ್ಲರೂ ಚಪ್ಪಲಿ ಹುಡುಕುವಾಗ. ಅವರು ನನ್ನ ಚಪ್ಪಲಿ ಹಾಕಿಕೊಂಡಿರಲಿಲ್ಲ, ಕತೆಗೆ ಹಾಗಿದ್ದರೆ ಚೆನ್ನಾಗಿರುತ್ತಿತ್ತು. ಟಾರ್ಚ್ ಹಿಡಿದರು, ಅಷ್ಟೇ.

ಮ್ಯಾಟ್ರಿಮೊನಿ ಆಪ್‌ಗಳಲ್ಲಿ ಎರಡನೇ ಮದುವೆಗೆ ಬೇರೆಯೇ ವಿಭಾಗ ಇರುತ್ತದೆ. ಬಳಸಿ, ಆದರೆ ಹುಷಾರಾಗಿರಿ. ಪಿಂಚಣಿ ಬರುವ ಒಂಟಿ ಜನರನ್ನೇ ಹುಡುಕುವ ಮೋಸಗಾರರಿದ್ದಾರೆ. ವಿದೇಶದಲ್ಲಿದ್ದೇನೆ, ಉಡುಗೊರೆ ಕಳಿಸಿದ್ದೇನೆ, ಕಸ್ಟಮ್ಸ್‌ನವರು ಹಿಡಿದಿದ್ದಾರೆ, ಸ್ವಲ್ಪ ದುಡ್ಡು ಹಾಕಿ ಅಂದರೆ ಅಲ್ಲಿಗೇ ಬಿಡಿ. ಮುಖ ನೋಡದೆ ಒಂದು ರೂಪಾಯಿಯೂ ಹಾಕಬೇಡಿ. ಹಾಕಿಬಿಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ಮನಿರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟೂ ದುಡ್ಡು ತಡೆಹಿಡಿಯುವ ಅವಕಾಶ ಜಾಸ್ತಿ.

ವಿಷಯ ಗಟ್ಟಿಯಾಗುತ್ತಿದೆ ಅನ್ನಿಸಿದಾಗ ಕಾಗದ ತೋರಿಸಲು ಕೇಳಿ. ಸಂಗಾತಿಯ ಮರಣ ಪತ್ರ, ಇಲ್ಲವೇ ವಿಚ್ಛೇದನದ ತೀರ್ಪು. ಮೇಲ್ಮನವಿಯ ಅವಧಿ ಮುಗಿದಿದೆಯಾ ಅಂತ ವಕೀಲರಿಂದ ಖಾತ್ರಿ ಮಾಡಿಕೊಳ್ಳಿ. ಮೊದಲು ನೀವೇ ನಿಮ್ಮದನ್ನು ತೋರಿಸಿದರೆ ಕೇಳಲು ಸಂಕೋಚ ಆಗುವುದಿಲ್ಲ.

ಹೆಜ್ಜೆ 3: ಒಂದು ಮಳೆಗಾಲ ನೋಡಿ

ಇದು ನನ್ನ ಗಟ್ಟಿ ಅಭಿಪ್ರಾಯ. ಮಲೆನಾಡಿನಲ್ಲಿ ಒಬ್ಬರ ಸ್ವಭಾವ ತಿಳಿಯಬೇಕಾದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಡಬೇಕು. ಡಿಸೆಂಬರ್‌ನಲ್ಲಿ ಎಲ್ಲರೂ ಒಳ್ಳೆಯವರೇ. ಮೂರು ದಿನ ಕರೆಂಟಿಲ್ಲ, ಬಟ್ಟೆ ಒಣಗಿಲ್ಲ, ತೋಟಕ್ಕೆ ಕೊಳೆ ರೋಗ ಬಂದಿದೆ, ಮರ ಬಿದ್ದು ರಸ್ತೆ ಬಂದ್ ಆಗಿದೆ. ಆಗ ಆ ಮನುಷ್ಯ ಫೋನಿನಲ್ಲಿ ಹೇಗೆ ಮಾತಾಡುತ್ತಾರೆ? ಕೆಲಸದವರ ಮೇಲೆ ರೇಗುತ್ತಾರಾ? ನಮ್ಮವರು ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಹೊತ್ತಿನಲ್ಲೂ ಅಡಿಕೆ ಮರ ಹತ್ತುವ ಕೊನೆಗಾರರಿಗೆ ಚಹಾ ತಾವೇ ಕೊಡುತ್ತಿದ್ದರು. ನಾನು ಮನಸ್ಸು ಮಾಡಿದ್ದು ಅವತ್ತೇ.

ಇಬ್ಬರೇ ಹೋಗುವ ಮೊದಲ ಮೂರ್ನಾಲ್ಕು ಸಲ ಹಗಲು ಹೊತ್ತು, ಜನ ಇರುವ ಜಾಗ. ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಒಬ್ಬರಿಗೆ ಹೇಳಿ ಹೋಗಿ. ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್ ದೂರದ ಕೂಡಲಿ ಒಳ್ಳೆಯ ಜಾಗ. ತುಂಗೆ, ಭದ್ರೆ ಸೇರುವುದನ್ನು ನೋಡುತ್ತಾ ಮೆಟ್ಟಿಲ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಮಳೆಗಾಲಕ್ಕೇ ಹೇಳಿ ಮಾಡಿಸಿದ್ದು. ಹೊಳೆ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ರಸ್ತೆ ಪಕ್ಕದಲ್ಲೇ ನಿಂತು ನೋಡಬಹುದು, ನಡೆಯುವ ಕಷ್ಟವಿಲ್ಲ.

ಅಲ್ಲಿ ಏನು ಮಾತಾಡುವುದು? ಬಿಪಿ, ಶುಗರ್, ಸಾಲ, ಗೊರಕೆ. ಮಡಿ ಎಷ್ಟು, ಮೀನು ಎಷ್ಟು. ಅವರ ಮನೆಯಲ್ಲಿ ವಾರಕ್ಕೆ ಎರಡು ದಿನ ಮೀನಿನ ಸಾರು, ನಮ್ಮ ಮನೆಯಲ್ಲಿ ಮೊಟ್ಟೆಯೂ ಇಲ್ಲ. ಪ್ರೀತಿ ಬಂದ ಮೇಲೆ ಇದೆಲ್ಲ ಸಣ್ಣದು ಅಂತಾರೆ. ಸಣ್ಣದಲ್ಲ, ದಿನಕ್ಕೆ ಮೂರು ಹೊತ್ತು ಎದುರಿಗೆ ಬರುತ್ತದೆ. ನಾವು ಎರಡು ಒಲೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು.

ಹೆಜ್ಜೆ 4: ಊರು ಹೇಳುವ ಮುಂಚೆ ಮಕ್ಕಳಿಗೆ ನೀವೇ ಹೇಳಿ

ನಮ್ಮ ಕಡೆ ಸುದ್ದಿ ಬೆಳಗಿನ ಮೊದಲ ಬಸ್ಸಿಗಿಂತ ಮುಂಚೆ ಊರು ಸೇರುತ್ತದೆ. ಕೂಡಲಿಯಲ್ಲಿ ನಿಮ್ಮನ್ನು ಯಾರೋ ನೋಡಿಯೇ ಇರುತ್ತಾರೆ. ಹಾಗಾಗಿ ಜಾಸ್ತಿ ತಡ ಮಾಡಬೇಡಿ.

ನಿಮ್ಮ ಮಕ್ಕಳಿಗೆ ನೀವು, ಅವರ ಮಕ್ಕಳಿಗೆ ಅವರು. ಒಬ್ಬೊಬ್ಬರಿಗೂ ಬೇರೆ ಬೇರೆ. ವಾಟ್ಸಾಪ್ ಗ್ರೂಪಿನಲ್ಲಿ ಬೇಡ, ಹಬ್ಬದ ಊಟದ ನಡುವೆ ಬೇಡ. ನಾನು ಮಗಳಿಗೆ ಹೇಳಿದ್ದು ರೈಲಿನಲ್ಲಿ. ತಾಳಗುಪ್ಪದ ರೈಲು ಹತ್ತಿ ಇಬ್ಬರೂ ಕಿಟಕಿ ಪಕ್ಕ ಕೂತಿದ್ದೆವು. ಕುಂಸಿ ದಾಟಿ ಕಾಡು ಶುರುವಾಯಿತು, ಆಗ ಹೇಳಿದೆ. ಅವಳು ಆನಂದಪುರದವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಸಾಗರ ಬಂದಾಗ "ಅಪ್ಪನ ಫೋಟೋ ಎಲ್ಲಿ ಇಡ್ತೀಯ?" ಅಂದಳು. ಅದೇ ಅವಳ ಪ್ರಶ್ನೆ. ಎದುರು ಕೂರಿಸಿ ಹೇಳಿದ್ದರೆ ಅದು ಹೊರಗೆ ಬರುತ್ತಿರಲಿಲ್ಲ, ಜಗಳ ಬರುತ್ತಿತ್ತು.

ಹೇಳುವಾಗ ಒಪ್ಪಿಗೆ ಬೇಡಬೇಡಿ. ಬೇಡಿದರೆ ಇಲ್ಲ ಅನ್ನುವ ಹಕ್ಕನ್ನೂ ಕೊಟ್ಟ ಹಾಗೆ. "ಹೀಗೆ ಅಂದುಕೊಂಡಿದ್ದೇನೆ, ನಿನಗೆ ಏನು ಅನ್ನಿಸುತ್ತೆ ಅಂತ ಕೇಳಬೇಕಿತ್ತು" ಅಂದರೆ ಸಾಕು. ಆಮೇಲೆ ಅವರು ಅನ್ನುವುದನ್ನು ತಡೆಯದೆ ಕೇಳಿ. ಹೋದ ಸಂಗಾತಿಯ ಅಪ್ಪ, ಅಮ್ಮ, ಅಣ್ಣತಮ್ಮಂದಿರಿಗೂ ನೀವೇ ಹೋಗಿ ಹೇಳಿ. ನಾನು ಅತ್ತೆಗೆ ಹೇಳಲು ಆರು ಸಲ ಹೋಗಿ, ಐದು ಸಲ ಕಾಫಿ ಕುಡಿದು ಬಂದೆ.

ಹೆಜ್ಜೆ 5: ಮೊದಲ ಭೇಟಿ, ಎರಡು ಗಂಟೆ ಮಾತ್ರ

ಸಕ್ರೆಬೈಲು ಶಿವಮೊಗ್ಗದಿಂದ 14 ಕಿಲೋಮೀಟರ್, ಗಾಜನೂರು ಅಣೆಕಟ್ಟಿನ ಹಿನ್ನೀರಿನ ಪಕ್ಕ. ಬೆಳಿಗ್ಗೆಯೇ ಹೋಗಬೇಕು. ಮಿಂದು, ತಿಂದು ಆದ ಮೇಲೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ, ಹನ್ನೊಂದರ ಮೇಲೆ ಹೋದರೆ ನೋಡಲು ಏನೂ ಇರುವುದಿಲ್ಲ. ನನಗೆ ಈ ಜಾಗ ಇಷ್ಟವಾಗಲು ಅದೂ ಒಂದು ಕಾರಣ. ಭೇಟಿ ತಾನಾಗಿ ಮುಗಿಯುತ್ತದೆ. ಸಾಕು ಹೋಗೋಣ ಅಂತ ಯಾರೂ ಹೇಳಬೇಕಿಲ್ಲ.

ಎರಡು ಮನೆಗೆ ಎರಡು ವಾಹನ. ಒಂದೇ ಟೆಂಪೋ ಮಾಡಿ ಎಲ್ಲರನ್ನೂ ತುಂಬುವ ಆಸೆಯಾಗುತ್ತದೆ, ಬೇಡ. ಬೇಸರವಾದವರಿಗೆ ಹೊರಡಲು ದಾರಿ ಇರಬೇಕು. ದಾರಿ ಇದ್ದರೆ ಸಾಮಾನ್ಯವಾಗಿ ಯಾರೂ ಹೊರಡುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗಿಸಿ, ಬೇರೆ ಬೇರೆ ಮನೆಗೆ ಹೋಗಿ ಉಣ್ಣಿ. ದಾರಿಯಲ್ಲಿ ಅವರು ನಿಮ್ಮ ಬಗ್ಗೆ ಮಾತಾಡಿಕೊಳ್ಳಬೇಕಲ್ಲ, ಅದಕ್ಕೂ ಸಮಯ ಬೇಕು.

ಇಬ್ಬರೂ ಒಬ್ಬರ ಪಕ್ಕ ಒಬ್ಬರು ಅಂಟಿಕೊಂಡು ನಿಲ್ಲಬೇಡಿ. ಗ್ರೂಪ್ ಫೋಟೋ ಬೇಡ. ಒಬ್ಬರಿಗೊಂದು ಸಣ್ಣ ಕೆಲಸ ಕೊಡಿ: ಟಿಕೆಟ್ಟು ಒಬ್ಬರು, ಮಂಡಕ್ಕಿ ಒಬ್ಬರು, ಮಕ್ಕಳ ಕೈ ಹಿಡಿಯಲು ಒಬ್ಬರು.

ಇನ್ನು ಏನೆಂದು ಕರೆಯುವುದು? ನಮ್ಮ ಭಾಷೆಯಲ್ಲಿ ಇದೊಂದು ಫಜೀತಿ. ಚಿಕ್ಕಮ್ಮ ಅಂದರೆ ತಾಯಿಯ ತಂಗಿಯೂ ಹೌದು, ಅಪ್ಪನ ಎರಡನೇ ಹೆಂಡತಿಯೂ ಹೌದು. ಮಲತಾಯಿ ಅನ್ನುವ ಮಾತು ಬಂದರೆ ಸಾಕು, ಅಜ್ಜಿ ಕತೆಗಳೆಲ್ಲ ನೆನಪಾಗುತ್ತವೆ. ಯಾವ ಹೆಸರನ್ನೂ ಹೇರಬೇಡಿ. ಅವರ ಮೊಮ್ಮಕ್ಕಳು ನಾನು ಟೀಚರ್ ಅಂತ ಕೇಳಿ, ತಲೆ ಬೆಳ್ಳಗಾಗಿದ್ದು ನೋಡಿ, ತಾವೇ "ಟೀಚರಜ್ಜಿ" ಮಾಡಿಬಿಟ್ಟರು. ಈಗ ಸೊಸೆಯೂ ಹಾಗೇ ಕರೆಯುತ್ತಾಳೆ.

ಇಲ್ಲೊಂದು ತಪ್ಪು: ಜೋಗ

ಸಕ್ರೆಬೈಲು ಚೆನ್ನಾಗಾಯಿತು ಅಂತ ಉಬ್ಬಿ, ಮುಂದಿನ ಸಲ ಜೋಗ ಅಂದೆವು. ಆಗಸ್ಟ್, ರಾಜಾ ರಾಣಿ ರೋರರ್ ರಾಕೆಟ್ ನಾಲ್ಕೂ ತುಂಬಿ ಬೀಳುತ್ತಿದ್ದವು. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ನೋಡಿ ಯಾರಿಗಾದರೂ ಬೇಸರವಾಗುತ್ತದಾ? ಚಿಕ್ಕ ಮಗ ಕಂಬಿಯ ಹತ್ತಿರ ಬರಲೇ ಇಲ್ಲ. ಅವರ ಮನೆಯ ಹಾಲಿನಲ್ಲಿ ಒಂದು ಫೋಟೋ ಇದೆ, ಅದೇ ಕಂಬಿ, ಅಪ್ಪ, ಅಮ್ಮ, ಇಬ್ಬರು ಹುಡುಗರು. ನಾನು ಅದೇ ಜಾಗದಲ್ಲಿ, ಅವರ ಅಪ್ಪನ ಪಕ್ಕ ಕೊಡೆ ಹಿಡಿದು ನಿಂತಿದ್ದೆ.

ಶಿವಮೊಗ್ಗ ಜಿಲ್ಲೆಯ ಪ್ರತಿ ಮನೆಯಲ್ಲೂ ಜೋಗದ ಒಂದು ಫೋಟೋ ಇರುತ್ತದೆ ಅಲ್ವಾ? ಅದನ್ನು ನಾವು ಯೋಚಿಸಬೇಕಿತ್ತು. ಹೊರಡುವ ಮುಂಚೆ ಮಕ್ಕಳನ್ನು ಕೇಳಿ: ಇದು ಯಾರ ಜಾಗ? ಮೊದಲ ಸಂಸಾರದ ಜಾಗಗಳನ್ನು ಅವರಿಗೇ ಬಿಡಿ. ಹೊಸ ಸಂಸಾರಕ್ಕೆ ಯಾರ ಆಲ್ಬಮ್ಮಿನಲ್ಲೂ ಇಲ್ಲದ ಜಾಗ ಹುಡುಕಿ.

ಹೆಜ್ಜೆ 6: ನೋಡುವುದು ಬಿಟ್ಟು ಮಾಡುವುದಕ್ಕೆ ಕರೆಯಿರಿ

ಪಿಕ್ನಿಕ್ಕಿನಲ್ಲಿ ಎಲ್ಲರೂ ನೆಂಟರೇ. ಒಟ್ಟಿಗೆ ಕೆಲಸ ಮಾಡಿದಾಗ ಮನೆಯವರಾಗುತ್ತಾರೆ. ಮಲೆನಾಡಿನ ವರ್ಷದಲ್ಲಿ ಇದಕ್ಕೆ ಬೇಕಾದಷ್ಟು ಸಂದರ್ಭ ಇವೆ, ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು ಭೂಮಿ ಹುಣ್ಣಿಮೆ. ಆಶ್ವಯುಜ ಹುಣ್ಣಿಮೆಗೆ ಬರುತ್ತದೆ, ಸಾಮಾನ್ಯವಾಗಿ ಅಕ್ಟೋಬರ್. ಭತ್ತದ ಗದ್ದೆ ತೆನೆ ಕಟ್ಟುವ ಹೊತ್ತು. ಭೂಮಿ ಬಸುರಿ ಅಂತ ಬಯಕೆ ತೀರಿಸುವ ಹಬ್ಬ. ಹಿಂದಿನ ರಾತ್ರಿಯೆಲ್ಲ ಅಡುಗೆ, ನಸುಕಿನಲ್ಲಿ ಗದ್ದೆಗೆ ಹೊರಡಬೇಕು. ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ನೋಡಲು ಎರಡು ಕಣ್ಣು ಸಾಲದು. ಬಗೆಬಗೆಯ ಸೊಪ್ಪು ಬೆರೆಸಿ ಬೇಯಿಸಿದ್ದನ್ನು ಗದ್ದೆಗೆ ಎರಚುತ್ತಾರೆ. ಕಾಗೆಗೂ ಇಲಿಗೂ ಪಾಲು ಇಡುತ್ತಾರೆ. ಆಮೇಲೆ ಗದ್ದೆ ಬದಿಯಲ್ಲೇ ಎಲೆ ಹಾಕಿ ಎಲ್ಲರೂ ಉಣ್ಣುವುದು.

ಇದರಲ್ಲಿ ಹೊಸಬರಿಗೆ ಎಷ್ಟು ಕೆಲಸ ಇದೆ ನೋಡಿ. ಸೊಪ್ಪು ಕೊಯ್ಯುವುದು, ಕಡುಬಿಗೆ ಎಲೆ ಒರೆಸುವುದು, ಬುಟ್ಟಿಗೆ ಚಿತ್ತಾರ ಬರೆಯುವುದು, ಬ್ಯಾಟರಿ ಹಿಡಿದು ಮುಂದೆ ನಡೆಯುವುದು. ಇಷ್ಟು ಕೆಲಸದ ನಡುವೆ ನೀವು ಯಾರು, ನಿಮಗೆ ಇಲ್ಲಿ ಏನು ಅಧಿಕಾರ ಅಂತ ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಅವತ್ತು ಮೀನಿನ ತಕರಾರೂ ಇರಲಿಲ್ಲ, ಎಲ್ಲರೂ ಸೊಪ್ಪು ತಿನ್ನುವವರೇ. ಬೆಂಗಳೂರಿನಿಂದ ಬಂದ ನನ್ನ ಮಗಳು ಬದುವಿನಲ್ಲಿ ಕಾಲು ಜಾರಿ ಕೆಸರಿಗೆ ಬಿದ್ದಳು. ಎತ್ತಿದವನು ಚಿಕ್ಕ ಮಗ. ಬೈದುಕೊಂಡೇ ಎತ್ತಿದ. ಒಡಹುಟ್ಟಿದವರ ಬೈಗುಳ ಹಾಗೇ ಇರುತ್ತದೆ, ನನಗೆ ಖುಷಿಯಾಯಿತು.

ಎರಡನೆಯದು ಅಡಿಕೆ ಸುಲಿತ. ಈಗ ಮಿಷನ್ ಬಂದಿದೆ, ಆದರೂ ಮನೆಮಟ್ಟಿಗೆ ಒಂದೆರಡು ಸಂಜೆ ಮೆಟ್ಟುಗತ್ತಿ ಇಟ್ಟುಕೊಂಡು ಅಂಗಳದಲ್ಲಿ ಕೂರಬಹುದು. ಗೊತ್ತಿಲ್ಲದವರು ಮೊದಲ ದಿನ ಬೆರಳು ಕೊಯ್ದುಕೊಳ್ಳುತ್ತಾರೆ, ಹಾಗಾಗಿ ಮಕ್ಕಳಿಗೆ ಕೊಡಬೇಡಿ, ಅವರು ಆರಿಸಿ ಕೊಡಲಿ. ನನಗೆ ಸೊಸೆ ಕಲಿಸಿದಳು. ಮೂವತ್ತು ವರ್ಷ ಪಾಠ ಹೇಳಿದವಳು ಅವಳ ಮುಂದೆ ಕೂತು ತಪ್ಪು ಮಾಡುತ್ತಾ ಕಲಿತೆ. ನಮ್ಮಿಬ್ಬರ ನಡುವೆ ಅದು ಮಾಡಿದ ಕೆಲಸವನ್ನು ಯಾವ ಸೀರೆಯ ಉಡುಗೊರೆಯೂ ಮಾಡಿರಲಿಲ್ಲ. ಅಡಿಕೆಯ ಚೊಗರು ಕಲೆ ಮಾತ್ರ ವಾರವಾದರೂ ಕೈ ಬಿಡುವುದಿಲ್ಲ.

ಆಲೆಮನೆ ಮೂರನೆಯದು. ಸಂಕ್ರಾಂತಿ ಕಳೆದ ಮೇಲೆ ಸಾಗರ, ಸೊರಬ ಕಡೆ ಯಾರಾದರೂ ಕರೆಯುತ್ತಾರೆ. ಶುಂಠಿ, ನಿಂಬೆ ಹಿಂಡಿದ ಕಬ್ಬಿನ ಹಾಲು, ನೊರೆಬೆಲ್ಲ, ಜೊತೆಗೆ ಖಾರ ಮಂಡಕ್ಕಿ. ಕುದಿಯುವ ಕೊಪ್ಪರಿಗೆಯಿಂದ ಮಕ್ಕಳನ್ನು ದೂರ ಇಡಿ. ಹೇಳಬೇಕಾದ್ದು ಇಷ್ಟೇ, ಉಳಿದದ್ದನ್ನು ಬೆಲ್ಲ ನೋಡಿಕೊಳ್ಳುತ್ತದೆ.

ಹೆಜ್ಜೆ 7: ಮಂಡಿ ನೋಡಿ ಬೆಟ್ಟ ಆರಿಸಿ

ನಾಲ್ಕು ವರ್ಷದ ಮಗುವಿನಿಂದ ಎಪ್ಪತ್ತರ ಅಜ್ಜನವರೆಗೆ ಒಂದೇ ಗುಂಪಿನಲ್ಲಿರುತ್ತಾರೆ. ಎಲ್ಲರಿಗಿಂತ ನಿಧಾನ ಯಾರು ನಡೆಯುತ್ತಾರೋ ಅವರಿಗೆ ತಕ್ಕ ಜಾಗ ಆರಿಸಿ.

ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿ ನನ್ನ ಮೊದಲ ಆಯ್ಕೆ. ತುದಿಯ ಹತ್ತಿರದವರೆಗೆ ವಾಹನ ಹೋಗುತ್ತದೆ, ಆಮೇಲೆ ಸ್ವಲ್ಪ ಮೆಟ್ಟಿಲು. ಬಂಡೆ ಮೇಲೆ ಪಾರ್ಶ್ವನಾಥನ ಬಸದಿ, ಪಕ್ಕದಲ್ಲಿ ಕೊಳ, ಸುತ್ತ ಕಣ್ಣು ಹೋದಷ್ಟು ದೂರ ಕಾಡು. ಕುಪ್ಪಳಿಯ ಕವಿಶೈಲವೂ ಸುಲಭ. ಕವಲೇದುರ್ಗ ಚೆಂದ, ಕೆಳದಿ ಅರಸರ ಕೋಟೆ, ಗದ್ದೆ ದಾಟಿ ಕಲ್ಲು ಹಾಸಿನ ದಾರಿಯಲ್ಲಿ ಹತ್ತಬೇಕು. ಮಳೆ ಬಂದಾಗ ಆ ಕಲ್ಲು ಜಾರುತ್ತದೆ, ನವೆಂಬರ್ ಮೇಲೆ ಹೋಗಿ. 1343 ಮೀಟರ್ ಎತ್ತರದ ಕೊಡಚಾದ್ರಿಗೆ ಜೀಪು ಇದೆ ಅಂತ ಮೋಸ ಹೋಗಬೇಡಿ. ಆ ಜೀಪಿನ ಕುಲುಕಾಟ ನಡೆಯುವುದಕ್ಕಿಂತ ಕಷ್ಟ, ಸೊಂಟನೋವು ಇದ್ದವರು ಕೆಳಗೇ ಇರುವುದು ಒಳ್ಳೆಯದು. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ಆಯಿತು. ಮೊದಲಾಗಿದ್ದರೆ ಲಾಂಚಿಗೆ ಕಾಯುತ್ತಾ ಶರಾವತಿ ಹಿನ್ನೀರಿನ ದಡದಲ್ಲಿ ಗಂಟೆಗಟ್ಟಲೆ ಕೂರಬೇಕಿತ್ತು. ಸಂಸಾರ ಬೆಸೆಯಲು ಆ ಕಾಯುವುದೇ ಚೆನ್ನಾಗಿತ್ತು ಅಂತ ನನಗೆ ಒಳಗೊಳಗೇ ಅನ್ನಿಸುತ್ತದೆ. ಅಲ್ಲಿನವರ ಮುಂದೆ ಹಾಗನ್ನಬೇಡಿ, ಅವರು ಅರವತ್ತು ವರ್ಷ ಕಾದವರು.

ಉಂಬಳದ, ಅಂದರೆ ಕಾಡಿನ ಜಿಗಣೆಯ ಬಗ್ಗೆ ಪೇಟೆ ಮಕ್ಕಳಿಗೆ ಮೊದಲೇ ಹೇಳಿಡಿ. ಕಾಲಿಗೆ ಎಣ್ಣೆ, ಸುಣ್ಣ, ಹೊಗೆಸೊಪ್ಪಿನ ಪುಡಿ ಹಚ್ಚುವುದು ನಮ್ಮ ಹಳೆಯ ಉಪಾಯ. ಹತ್ತಿದರೆ ಎಳೆದು ಕಿತ್ತುಹಾಕಬೇಡಿ, ಉಗುರಿನಲ್ಲಿ ಮೆಲ್ಲಗೆ ಎಬ್ಬಿಸಿ. ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಬರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಉಂಬಳ ಮಾಡಿರುತ್ತದೆ, ಗಾಬರಿ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವ ಹಿರಿಯರಿದ್ದರೆ ಮಾತ್ರ ಬಟ್ಟೆ ಒತ್ತಿ ಹಿಡಿದು ಗಮನ ಇಡಿ.

ಉಂಬಳಕ್ಕಿಂತ ಹೆದರಬೇಕಾದ್ದು ಉಣುಗಿಗೆ, ಅಂದರೆ ಉಣ್ಣೆ ಹುಳಕ್ಕೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ಎಲ್ಲರೂ ಸುತ್ತಾಡುವ ಕಾಲವೇ. ಕಾಯಿಲೆ ಕಂಡ ಊರಿನ ಕಾಡಿಗೆ ಹೋಗಬೇಡಿ. ಒಣ ತರಗೆಲೆ ಮೇಲೆ ಕೂರಬೇಡಿ, ಚಾಪೆ ಒಯ್ಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಡೀಪಾ ಎಣ್ಣೆ ಕೇಳಿ ನೋಡಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳುವುದನ್ನು ಮರೆಯಬೇಡಿ.

ಬುತ್ತಿ ಒಬ್ಬರೇ ಕಟ್ಟಬೇಡಿ. ಎರಡೂ ಮನೆಯಿಂದ ಬರಲಿ. ನಮ್ಮ ಚಿತ್ರಾನ್ನ ಅವರ ಡಬ್ಬಿಗೆ, ಅವರ ಕೊಟ್ಟೆ ಕಡುಬು ನಮ್ಮ ಎಲೆಗೆ. ಒಂದು ಮಡಚುವ ಸ್ಟೂಲು, ಒಂದು ಜೊತೆ ಹೆಚ್ಚಿನ ಬಟ್ಟೆ, ಎಲ್ಲರ ಮಾತ್ರೆ ಒಂದೇ ಚೀಲದಲ್ಲಿ.

ಹೆಜ್ಜೆ 8: ಆಸ್ತಿ ಮಾತು ಮುಚ್ಚಿಡಬೇಡಿ

ಮಕ್ಕಳ ಮುಖ ಗಂಟಿಕ್ಕಲು ಪ್ರೀತಿಗಿಂತ ತೋಟ ಕಾರಣ. ಇದನ್ನು ಹೇಳಲು ನಾಚಿಕೆ ಯಾಕೆ? ನಾವು ಈ ಮಾತು ಶುರು ಮಾಡಿದ್ದು ಅಡಿಕೆ ಸುಲಿಯುವಾಗ. ಕೈಯಲ್ಲಿ ಕತ್ತಿ ಇದ್ದಾಗ ಪಾಲಿನ ಮಾತು ತೆಗೆಯಬಾರದು ಅಂತ ನಮ್ಮವರು ಇವತ್ತಿಗೂ ತಮಾಷೆ ಮಾಡುತ್ತಾರೆ.

ಮುಖ್ಯವಾದ ಕೆಲವು ವಿಷಯ ಹೇಳುತ್ತೇನೆ. ಇವು ಹಿಂದೂ ಉತ್ತರಾಧಿಕಾರ ಕಾನೂನಿನವು, ಬೇರೆ ಧರ್ಮದವರಿಗೆ ಬೇರೆ ಇರುತ್ತವೆ. ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿಯಲ್ಲಿ ಹೆಂಡತಿ, ತಾಯಿ, ಪ್ರತಿಯೊಬ್ಬ ಮಗ, ಮಗಳಿಗೆ ಸಮಪಾಲು. ಎರಡನೇ ಹೆಂಡತಿ ಕಾನೂನುಬದ್ಧವಾಗಿ ಮದುವೆಯಾಗಿದ್ದರೆ ಅವಳೂ ಸೇರಿ. ಹೆಂಡತಿಯ ಮೊದಲ ಮದುವೆಯ ಮಕ್ಕಳಿಗೆ ಅವನ ಆಸ್ತಿಯಲ್ಲಿ ತಾನಾಗಿ ಪಾಲು ಬರುವುದಿಲ್ಲ. ಪಿತ್ರಾರ್ಜಿತ ತೋಟದಲ್ಲಿ ಅವನ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, 2005ರ ತಿದ್ದುಪಡಿಯ ಮೇಲೆ ಹೆಣ್ಣುಮಕ್ಕಳಿಗೂ. ವಿಧವೆಯಾಗಿ ನಿಮಗೆ ಬಂದ ಪಾಲು ನಿಮ್ಮದೇ, ಮತ್ತೆ ಮದುವೆಯಾದ ಮಾತ್ರಕ್ಕೆ ಅದು ಕೈಬಿಟ್ಟು ಹೋಗುವುದಿಲ್ಲ.

ಹಾಗಾಗಿ ಇಬ್ಬರೂ ಉಯಿಲು ಬರೆಯಿರಿ. ಇಬ್ಬರು ಸಾಕ್ಷಿ ಬೇಕು, ಪಾಲು ಸಿಗುವವರೇ ಸಾಕ್ಷಿಯಾಗದಿರಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬ್ಯಾಂಕಿನ ನಾಮಿನಿ ಅಂದರೆ ವಾರಸುದಾರ ಅಂತಲ್ಲ, ದುಡ್ಡು ತೆಗೆದುಕೊಳ್ಳುವ ಕೈ ಮಾತ್ರ. ಮಕ್ಕಳನ್ನು ಸಮಾಧಾನ ಮಾಡಲು ಅವಸರದಲ್ಲಿ ದಾನಪತ್ರ ಬರೆದುಕೊಡಬೇಡಿ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ನೋಡಿಕೊಳ್ಳದಿದ್ದರೆ ದಾನ ರದ್ದು ಮಾಡಿಸುವ ದಾರಿ ಇದೆ. ಆದರೆ ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇರಬೇಕು.

ಹೆಂಗಸರು ಒಂದು ಲೆಕ್ಕ ಹಾಕಲೇಬೇಕು. ಸರ್ಕಾರಿ ನೌಕರನ ವಿಧವೆಗೆ ಬರುವ ಕುಟುಂಬ ಪಿಂಚಣಿ ಮರುಮದುವೆಯಾದರೆ ಸಾಮಾನ್ಯವಾಗಿ ನಿಲ್ಲುತ್ತದೆ. ವಿಧವಾ ವೇತನವೂ ಹಾಗೇ. ನಿಮ್ಮ ಸ್ವಂತ ನೌಕರಿಯ ಪಿಂಚಣಿಗೆ ಏನೂ ಆಗುವುದಿಲ್ಲ. ಖಜಾನೆಯಲ್ಲಿ ಕೇಳಿ, ಬರೆದುಕೊಂಡು ಬನ್ನಿ, ಆಮೇಲೆ ದಿನಾಂಕ ಗೊತ್ತು ಮಾಡಿ.

ಹೆಜ್ಜೆ 9: ಮದುವೆ

ಇದು ಸಣ್ಣ ಹೆಜ್ಜೆ. ನಾವು ಮಂತ್ರ ಮಾಂಗಲ್ಯ ಮಾಡಿಕೊಂಡೆವು. ಕುವೆಂಪು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಹೀಗೇ ಮಾಡಿಸಿದ್ದು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ಆಡಂಬರವಿಲ್ಲ, ಕೆಲವೇ ಜನ. ಪ್ರಮಾಣ ಓದಿದ್ದು ನನ್ನ ಮಗಳು. ಧ್ವನಿ ನಡುಗಿತು, ಆದರೆ ಪೂರ್ತಿ ಓದಿದಳು.

ಹೇಗೇ ಆದರೂ ನೋಂದಣಿ ಮಾಡಿಸಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಆಗುವುದಾದರೆ 30 ದಿನ ಮೊದಲು ನೋಟಿಸು ಕೊಡಬೇಕು, ಮೂವರು ಸಾಕ್ಷಿ ಬೇಕು. ನೋಟಿಸನ್ನು ಕಚೇರಿಯ ಬೋರ್ಡಿಗೆ ಹಾಕುತ್ತಾರೆ. ನಾಲ್ಕನೇ ಹೆಜ್ಜೆ ಮುಗಿಸದೆ ಇಲ್ಲಿಗೆ ಬರಬೇಡಿ ಅನ್ನುವುದು ಅದಕ್ಕೇ.

ಹೆಜ್ಜೆ 10: ಮೊದಲ ವರ್ಷ

ಎರಡು ಮನೆ ಇದ್ದರೆ ಎರಡನ್ನೂ ಇಟ್ಟುಕೊಳ್ಳಿ, ಒಂದು ವರ್ಷ ಯಾವುದನ್ನೂ ಮಾರಬೇಡಿ, ಬಾಡಿಗೆಗೂ ಕೊಡಬೇಡಿ. ನಾನು ವಾರದಲ್ಲಿ ನಾಲ್ಕು ದಿನ ತೋಟದಲ್ಲಿ, ಮೂರು ದಿನ ಶಿವಮೊಗ್ಗದಲ್ಲಿ. ಜನ ನಗುತ್ತಾರೆ. ಬಸ್ಸಿನಲ್ಲಿ ಸೀಟು ಸಿಗುತ್ತದೆ, ನನಗೆ ಅಷ್ಟು ಸಾಕು.

ಗೋಡೆಯ ಫೋಟೋ ತೆಗೆಯಬೇಡಿ. ಅವರ ಮೊದಲ ಹೆಂಡತಿಯ ಫೋಟೋ ಹಾಲಿನಲ್ಲೇ ಇದೆ, ನನ್ನ ಯಜಮಾನರದ್ದು ಶಿವಮೊಗ್ಗದ ಮನೆಯಲ್ಲಿದೆ. ಮಹಾಲಯ ಅಮಾವಾಸ್ಯೆಗೆ ಎರಡಕ್ಕೂ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದು ಏನು ಅಂತ ಮಕ್ಕಳನ್ನು ಕೇಳಿ ಮಾಡಿ. ಅವರಮ್ಮನ ಅಪ್ಪೆಮಿಡಿ ಉಪ್ಪಿನಕಾಯಿಯ ಹದ ನನಗೆ ಬರುವುದಿಲ್ಲ, ಬರುತ್ತದೆ ಅಂತ ನಟಿಸುವುದನ್ನೂ ಬಿಟ್ಟಿದ್ದೇನೆ. ಸೊಸೆಯೇ ಹಾಕುತ್ತಾಳೆ.

ತಿಂಗಳಿಗೊಂದು ಸಲ ಹೊರಗೆ ಹೋಗುವ ದಿನ ಗಟ್ಟಿ ಮಾಡಿಕೊಳ್ಳಿ. ನಮ್ಮದು ಎರಡನೇ ಭಾನುವಾರ. ಯಾರು ಬರಲಿ, ಬಿಡಲಿ, ಹೊರಡುವುದು ಹೊರಡುವುದೇ. ಬರದವರನ್ನು ಯಾಕೆ ಬರಲಿಲ್ಲ ಅಂತ ಕೇಳುವುದಿಲ್ಲ.

ಅವರ ದೊಡ್ಡ ಮಗನ ಸುದ್ದಿ ನಾನು ಇಲ್ಲಿವರೆಗೆ ಎತ್ತಿಲ್ಲ. ಅವನು ಹೋಟೆಲಿಗೂ ಬಂದಿರಲಿಲ್ಲ, ಮದುವೆಗೂ ಬರಲಿಲ್ಲ. ಎರಡು ವರ್ಷವಾಯಿತು. ಪ್ರತಿ ಸಲ ಹೊರಡುವ ಹಿಂದಿನ ದಿನ ಅವನಿಗೊಂದು ಮೆಸೇಜು ಹಾಕುತ್ತೇನೆ: ಎಲ್ಲಿಗೆ, ಎಷ್ಟು ಹೊತ್ತಿಗೆ, ಬುತ್ತಿ ಏನು. ಎರಡು ನೀಲಿ ಗೆರೆ ಬರುತ್ತವೆ, ಉತ್ತರ ಬರುವುದಿಲ್ಲ. ಕಳೆದ ತಿಂಗಳು ಕವಲೇದುರ್ಗ ಅಂತ ಹಾಕಿದ್ದೆ. ರಾತ್ರಿ ಹತ್ತೂವರೆಗೆ ಒಂದು ಸಾಲು ಬಂತು: "ಅಪ್ಪನ ಮಂಡಿಗೆ ಬೆಲ್ಟು ತಗೊಂಡು ಹೋಗಿ."

ತಗೊಂಡು ಹೋದೆ.